ಒದ್ದೆ ಬಟ್ಟೆಯೊಳಗಿನ ಮುಖ

ಬ್ಯಾಂಕುಗಳು ಒಂದರ ಹಿಂದೊಂದು ಮಗುಚಿಕೊಂಡ ವರ್ಷ ನನ್ನ ಕೆಲಸವೂ ಹೋಯಿತು. ಮ್ಯಾನ್‌ಹಟನ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಮೆಟುಚೆನ್ನಿನ ನಮ್ಮ ಬೀದಿಯಲ್ಲಿ ಹಗಲು ಹೊತ್ತು ಉಳಿಯುತ್ತಿದ್ದವರು ಇಬ್ಬರೇ: ನಾನು, ಎರಡು ಮನೆ ಆಚೆಯ ಎಂಬತ್ತರ ಗ್ರೀಕ್ ಮುದುಕರು. ಅವರು ಹೆಸರಾಂತ ಶಿಲ್ಪಿ ಎಂದು ತಿಳಿದದ್ದೇ ಆಗ. ಮ್ಯಾನ್‌ಹಟನ್‌ನಲ್ಲಿ ನಮ್ಮ ಆಫೀಸಿನೆದುರಿನ ಕಂಚಿನ ಕುದುರೆ ಅವರದೇ. ಒಂಬತ್ತು ವರ್ಷ ಅದರ ಕಾಲಬುಡದಲ್ಲಿ ಕಾಫಿ ಕುಡಿದಿದ್ದೆ, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ನಾಚಿಕೆಯಾಯಿತು.

ಅವರಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಗ್ಯಾರೇಜಿನಲ್ಲಿ ಕೂತು, ಬೆರಳಲ್ಲೇ ತಡವಿ, ಜೇಡಿಮಣ್ಣಿನಲ್ಲಿ ಹೆಂಡತಿಯ ಮುಖ ಮಾಡುತ್ತಿದ್ದರು. ಆಕೆ ಮೂವತ್ತಕ್ಕೇ ತೀರಿಕೊಂಡಿದ್ದರು. ಎಷ್ಟು ತಿದ್ದಿದರೂ ಇವಳು ಅವಳಲ್ಲ ಎನ್ನುತ್ತಿದ್ದರು. ಇದೇ ಕೊನೆಯ ಕೆಲಸ, ಇದು ಸರಿಹೋಗದೆ ನಾನು ಹೋಗುವವನಲ್ಲ ಎಂದೂ ಹೇಳುತ್ತಿದ್ದರು. ನಾನು ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಿದ್ದೆ. ಬಿಸಿಲುಕೋಲಿನಲ್ಲಿ ಧೂಳು ತೇಲುತ್ತಿತ್ತು. ಆ ಹಸಿಮಣ್ಣಿನ ವಾಸನೆಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಮಂಪರು ಕವಿದು, ಮೈಸೂರಿನ ಅಜ್ಜಿ ಗಣಪತಿ ಮಾಡುತ್ತಿದ್ದ ಹಿತ್ತಿಲಿಗೆ ಹೋಗಿಬಿಡುತ್ತಿದ್ದೆ.

ಜನವರಿಯಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಗ್ಯಾರೇಜಿನ ಬೀಗದಕೈ ನನಗೆ ಕೊಟ್ಟು, ಅವಳನ್ನು ನೋಡಿಕೋ ಎಂದಷ್ಟೇ ಹೇಳಿ ಹೋದರು. ಹೋಗಿ ನೋಡಿದರೆ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿದೆ, ಮುಗ್ಗಲು ವಾಸನೆ. ಹಸಿ ಗಣಪತಿಗೆ ಗಾಳಿಯಾಡಬೇಕು, ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ ಎನ್ನುವುದು ಅಜ್ಜಿಯ ಪಾಠ. ಬಟ್ಟೆ ಬಿಚ್ಚಿ, ಹೀಟರಿನ ಬಳಿ ನೆರಳಲ್ಲಿಟ್ಟೆ. ಮಹಾ ಜಾಣ ನಾನು.

ಅಜ್ಜಿಯ ಗಣಪತಿಯೊಳಗೆ ಬರೀ ಮಣ್ಣು. ಈ ಮುಖದೊಳಗೆ ಕಬ್ಬಿಣದ ಸರಳಿತ್ತು; ಒದ್ದೆ ಬಟ್ಟೆ ಸುತ್ತಿದ್ದದ್ದು ಮಣ್ಣು ಒಣಗದಿರಲೆಂದೇ. ಮಣ್ಣು ಒಣಗಿ ಕುಗ್ಗಿತು, ಸರಳು ಜಗ್ಗಲಿಲ್ಲ. ನಾಲ್ಕನೇ ದಿನ ಹಣೆಯಲ್ಲಿ, ಕಣ್ಣಿನ ಕೊನೆಯಲ್ಲಿ, ಬಾಯಿಯ ಸುತ್ತ ಬಿರುಕು. ನನ್ನ ಹೆಂಡತಿ ಬಂದು ನೋಡಿ, "ಏನ್ ಮಾಡ್ಬಿಟ್ರಿ ನೀವು? ಅವ್ರು ಬರೋದ್ರೊಳಗೆ ಹೇಗಾದ್ರೂ ಫಿಕ್ಸ್ ಮಾಡಿ," ಎಂದಳು. ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಅವರು ಮರಳಿದ ದಿನವೇ ತಪ್ಪೊಪ್ಪಿಕೊಂಡೆ. ಸ್ಟೂಲೆಳೆದು ಕೂತು, ಮುಖದ ಮೇಲೆ ಬೆರಳಾಡಿಸಿದರು. ಹಣೆಯ ಬಿರುಕಿನಲ್ಲಿ ಬೆರಳು ನಿಂತಿತು, ಬಾಯಿಯ ಬಳಿಗೆ ಇಳಿಯಿತು, ಮತ್ತೆ ಹಣೆಗೇ ಹೋಯಿತು. ನನಗೆ ಅಳು ಬಂತು.

"ಮೂವತ್ತರ ಹುಡುಗಿ ಈ ಮುದುಕನನ್ನು ಹೇಗೆ ಗುರುತು ಹಿಡಿದಾಳು?" ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಈಗ ಇವಳಿಗೂ ಎಂಬತ್ತಾಯಿತು."

ನೀರು ಚಿಮುಕಿಸಲೇ ಎಂದು ಕೇಳಿದೆ. ಬೇಡವೆಂದರು. ಒಣಗಿದ ಬಟ್ಟೆಯನ್ನು ಮಡಚಿ ನನ್ನ ಕೈಗಿಟ್ಟು, ನಲ್ಲಿಯ ಬಳಿ ಹೋಗಿ ಉಗುರಿನ ಸಂದಿನ ಮಣ್ಣೆಲ್ಲ ಹೋಗುವವರೆಗೆ ಕೈ ತೊಳೆದುಕೊಂಡರು.