ಗೊತ್ತಿಲ್ಲ ಎಂದ ಪಾಸ್ಟರಮ್ಮ

ಬೈಲಹೊಂಗಲದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಯಾರ ಮುಖಕ್ಕೆ ಯಾವ ಹುಬ್ಬು ಒಪ್ಪುತ್ತದೆಂದು ಥಟ್ಟನೆ ಹೇಳುವ ನಾನು ನನ್ನ ಮದುವೆಯ ವಿಷಯದಲ್ಲಿ ಮಾತ್ರ ಶುದ್ಧ ಪೆದ್ದಿ. ಮೂವತ್ತಾರು ದಾಟಿದ ಮೇಲೆ ರಾಮದುರ್ಗದಿಂದ ಒಂದು ಸಂಬಂಧ ಬಂತು. ಹೆಂಡತಿ ತೀರಿಕೊಂಡ ಮಾಸ್ತರ. ಜ್ಯೋತಿಷಿ ಆಗಲಿ ಎಂದರು, ಸೋದರಮಾವ ಬೇಡವೆಂದ. ಅವ್ವನೋ, ನನ್ನ ಮದುವೆಯಾದರೂ ಸರಿ, ತಪ್ಪಿದರೂ ಸರಿ ಎಂದು ಎಲ್ಲಮ್ಮನಿಗೆ ಹರಕೆ ಹೊತ್ತು ದೇವಿಯನ್ನೂ ಗೊಂದಲಕ್ಕೆ ಕೆಡವಿದಳು.

ಆಗಲೇ ಎರಡು ವರ್ಷದಿಂದ ನಾನು ಚರ್ಚಿನ ರವಿವಾರದ ಪ್ರಾರ್ಥನೆಗೆ ಹೋಗುತ್ತಿದ್ದೆ. ಮೊದಮೊದಲು ಹೋದದ್ದು ಹಾಡಿಗೆ, ಆಮೇಲಿನ ಚಹಾಕ್ಕೆ. ನಂಬಿಕೆ ಯಾವಾಗ ಬಂದು ಕುಳಿತಿತೋ ತಿಳಿಯಲಿಲ್ಲ. ಯೇಸುಸ್ವಾಮಿಯಾದರೂ ಹೌದೋ ಅಲ್ಲವೋ ಎಂದು ಒಂದೇ ಮಾತಿನಲ್ಲಿ ಹೇಳಿಯಾನು ಎಂಬ ಆಸೆ ನನಗೆ.

ಒಂದು ಶನಿವಾರ ನಮ್ಮ ಪಾಸ್ಟರರ ಹೆಂಡತಿ, ಎಲ್ಲರ ಬಾಯಲ್ಲಿ ಪಾಸ್ಟರಮ್ಮ, ಸವದತ್ತಿ ಆಚೆಯ ಹಳ್ಳಿಯೊಂದರಲ್ಲಿ ಕಾಯಿಲೆ ಬಿದ್ದಿದ್ದ ಹೆಂಗಸಿಗಾಗಿ ಪ್ರಾರ್ಥಿಸಲು ಹೊರಟಿದ್ದರು. ಅವರನ್ನು ನನ್ನ ಸ್ಕೂಟಿಗೆ ಹತ್ತಿಸಿಕೊಂಡೆ. ದಾರಿಯಲ್ಲಿ ಅವರ ಬಾಯಿಂದ ದೇವರ ತೀರ್ಮಾನ ಹೊರಡಿಸುವ ಹಂಚಿಕೆ ನನ್ನದು.

ನವಿಲುತೀರ್ಥ ದಾಟಿದ ಮೇಲೆ ಮೊಬೈಲಿನಲ್ಲಿ ದಾರಿ ಹೇಳುವ ಹೆಂಗಸು ಎಡಕ್ಕೆ ತಿರುಗಲು ಹೇಳಿದಳು. ತಿರುಗಿದೆ. ಕಾಲುವೆಯ ದಂಡೆ ಬಂತು, ಕಬ್ಬು ಬಂತು, ಆಮೇಲೆ ಬರೀ ಕಬ್ಬು. ನೆಟ್‌ವರ್ಕ್ ಹೋಗಿ ಆಕೆಯೂ ಮೂಕಿಯಾದಳು.

‘ಅಮ್ಮಾರ, ಈಗ ಯಾ ಕಡೆ ಹೋಗೂಣ್ರಿ?’

‘ನನಗ ಗೊತ್ತಿಲ್ಲವಾ.’

‘ಪ್ರಾರ್ಥನಾ ಮಾಡಿ ನೋಡ್ರಿ.’

‘ಮಾಡೂಣು. ಆದ್ರ ಅಲ್ಲಿ ಒಬ್ಬಾಕಿ ಮೇವು ಕೊಯ್ಯಾಕತ್ತಾಳ. ಮೊದಲ ಆಕಿನ್ನ ಕೇಳೂಣು.’

ಆ ಹೆಂಗಸು ನಮ್ಮನ್ನು ನೋಡಿ ಕುಡುಗೋಲು ಕೆಳಗಿಟ್ಟು ನಕ್ಕಳು. ‘ಹೊಳ್ಳಿ ಹೋಗ್ರಿ ಯವ್ವಾ. ಮುಂದ ಹಾದಿನ ಇಲ್ಲ.’

ಸ್ಕೂಟಿ ತಳ್ಳಿಕೊಂಡು ಹಿಂದಿರುಗುವಾಗ ನಾನು ಕೇಳಿಯೇಬಿಟ್ಟೆ: ‘ರಾಮದುರ್ಗದ ಮಾಸ್ತರ ಬಗ್ಗೆ ದೇವರು ಏನಂತಾನ್ರಿ?’

‘ನನಗಂತೂ ಏನೂ ಹೇಳಿಲ್ಲ. ನೀ ಆ ಮನಶ್ಯಾನ ಕೂಡ ಒಮ್ಮಿ ಮಾತಾಡೀಯೇನ?’

‘ಇಲ್ರಿ.’

ಪಾಸ್ಟರಮ್ಮ ಅಲ್ಲೇ ದಂಡೆಯ ಮೇಲೆ ನಿಂತು ಕಣ್ಣು ಮುಚ್ಚಿದರು. ‘ಸ್ವಾಮಿ, ಇಕಿಗಿ ಕೇಳೂ ಧೈರ್ಯಾ ಕೊಡು. ನನಗ ಬಾಯಿ ಮುಚ್ಚಿಕೊಂಡ ಇರೂ ಬುದ್ಧಿ ಕೊಡು. ಆಮೆನ್.’

ಇಷ್ಟು ಗಿಡ್ಡ ಪ್ರಾರ್ಥನೆಯನ್ನು ನಾನು ಕೇಳಿರಲಿಲ್ಲ. ನಮ್ಮ ಪಾಸ್ಟರರದು ಚಹಾ ಆರುವವರೆಗೂ ಮುಗಿಯುತ್ತಿರಲಿಲ್ಲ. ಆದರೆ ನನಗೆ ಅಳು ಬಂತು. ಇಷ್ಟು ದಿನ ನನಗೆ ದಾರಿ ಹೇಳಿದವರಲ್ಲಿ ಒಬ್ಬರೂ ಗೊತ್ತಿಲ್ಲ ಎಂದಿರಲಿಲ್ಲ. ಗೊತ್ತಿಲ್ಲ ಎನ್ನುವ ಈ ಪಾಸ್ಟರಮ್ಮನ ಮಾತನ್ನು ಕಣ್ಣುಮುಚ್ಚಿ ನಂಬಬಹುದು ಅನ್ನಿಸಿತು, ಅವರ ದೇವರನ್ನೂ.

ಆ ದಿನ ದಾರಿ ಕೇಳುತ್ತ ಕೇಳುತ್ತ ಹಳ್ಳಿ ಮುಟ್ಟಿ, ಕಾಯಿಲೆಯ ಹೆಂಗಸಿಗಾಗಿ ಪ್ರಾರ್ಥಿಸಿ ಬಂದೆವು. ಮುಂದಿನ ವಾರ ಇಬ್ಬರೂ ಬಸ್ಸು ಹತ್ತಿ ರಾಮದುರ್ಗಕ್ಕೆ ಹೋದೆವು. ಮಾಸ್ತರ ಕೆಟ್ಟವರಲ್ಲ. ಅವಲಕ್ಕಿ ಕೊಟ್ಟರು, ತೀರಿಹೋದ ಹೆಂಡತಿಯ ಬಗ್ಗೆ ಮರ್ಯಾದೆಯಿಂದ ಮಾತನಾಡಿದರು. ನಾನು ಎದೆ ಗಟ್ಟಿಮಾಡಿಕೊಂಡು ನನ್ನ ಪಾರ್ಲರ್ ವಿಷಯ ತೆಗೆದೆ.

‘ಮಾಸ್ತರ ಹೆಂಡತಿ ಮಂದಿ ಹುಬ್ಬ ತಿದ್ದಕೋತ ಕುಂತ್ರ ಚಲೋ ಕಾಣೂದಿಲ್ಲರಿ,’ ಎಂದರು ಮೆಲ್ಲಗೆ.

‘ಹಂಗಾರ ನಾ ಒಲ್ಲೆರಿ,’ ಎಂದೆ. ಅವರಿಗೂ ಒಂದು ನಮೂನೆ ನಿರಾಳವಾದಂತೆ ಕಂಡಿತು. ಇನ್ನೊಂದು ಬಟ್ಟಲು ಅವಲಕ್ಕಿ ತರಿಸಿದರು.

ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕಣ್ಣು ತುಂಬಿತು. ಪಾಸ್ಟರಮ್ಮ ಬುದ್ಧಿವಾದ ಹೇಳಲಿಲ್ಲ. ಒಂದು ಪೊಟ್ಟಣ ಚುರುಮುರಿ ಗಿರ್ಮಿಟ್ ಕೊಡಿಸಿ, ಮೇಲೆ ಹಸಿಮೆಣಸಿನಕಾಯಿ ಇಟ್ಟು ಕೈಗಿತ್ತರು.

‘ತಿನ್ನವಾ. ಯಾರಾರ ಕೇಳಿದ್ರ ಖಾರ ಹತ್ತೇತಿ ಅನ್ನು.’