ಜಲಜಾಕ್ಷಿಯ ಉಪನ್ಯಾಸ

ದೆಹಲಿಯ ಲಕ್ಷ್ಮೀ ನಗರದಲ್ಲಿ ಗಂಡ ಕರುಣಾಕರನ ದೋಸೆ ಹೋಟೆಲಿನ ಅಡುಗೆಮನೆಯನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದ ಜಲಜಾಕ್ಷಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಓದು ಬಿಟ್ಟವಳಲ್ಲ. ಊರಿಗೆ ಹೋದಾಗಲೆಲ್ಲ ಉಡುಪಿಯಿಂದ ಚೀಲ ತುಂಬ ಪುಸ್ತಕ ತರುವಳು. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಅಕ್ಕಿಮೂಟೆಗೆ ಒರಗಿ ಓದುವಳು, ಓದಿದ್ದರ ಬಗ್ಗೆ ಹಳೆಯ ಡೈರಿಯಲ್ಲಿ ಎರಡು ಸಾಲು ಗೀಚುವಳು. ಒಂದು ಕಾದಂಬರಿಗೆ ‘ಎರಡು ಸಲ ಅತ್ತೆ. ಮೂರನೇ ಸಲ, ಅಳಿಸಲಿಕ್ಕೆಂದೇ ಬರೆದದ್ದು ಅಂತ ಗೊತ್ತಾಯಿತು’ ಎಂದಿತ್ತು. ಒಬ್ಬ ವೈದ್ಯರ ಆತ್ಮಕಥೆಗೆ ‘ರೋಗಗಳ ಹೆಸರೆಲ್ಲ ನೆನಪಿದೆ, ರೋಗಿಗಳದ್ದು ಒಂದೂ ಇಲ್ಲ’ ಎಂದಿತ್ತು. ಡೈರಿಯನ್ನು ಯಾರಿಗೂ ತೋರಿಸಿದವಳಲ್ಲ. ಸಾಂಬಾರಿಗೆ ಉಪ್ಪು ಸಾಕೋ ಎಂಬುದರ ಹೊರತು ಆಕೆಯ ಅಭಿಪ್ರಾಯ ಕೇಳಿದವರೂ ಇರಲಿಲ್ಲ.

ಹೀಗಿರುವಾಗ 2006ರ ನವೆಂಬರಿನಲ್ಲಿ ನಿರೀಕ್ಷಾ ಫೋನ್ ಮಾಡಿದಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ, ಕನ್ನಡ ಓದುಗರ ಕೂಟವೊಂದರ ಓಡಾಟವೆಲ್ಲ ಅವಳದೇ.

“ಆಂಟಿ, ನೆಕ್ಸ್ಟ್ ಸಂಡೇ ಮುನಿರ್ಕಾದಲ್ಲಿ ಪ್ರೊಫೆಸರ್ ಮುರಳೀಧರ ಸರ್ ಮನೇಲಿ ಮೀಟಿಂಗ್. ನಿಮ್ಮದೊಂದು ಉಪನ್ಯಾಸ ಬೇಕಿತ್ತು. ಮೊನ್ನೆ ಹೋಟೆಲಲ್ಲಿ ಓದ್ತಾ ಇದ್ರಲ್ಲ, ಅದೇ. ಅಚ್ಛಾ, ಬರ್ತೀರಲ್ಲ?”

ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಫೋನ್ ಕಟ್ಟಾಯಿತು. ಜಲಜಾಕ್ಷಿಗೆ ದಿಗಿಲಾಯಿತು. ಪ್ರೊಫೆಸರುಗಳ ಮುಂದೆ ಉಪನ್ಯಾಸ ಕೊಡುವುದೆಂದರೇನು? ನಾಲಿಗೆ ಹೊರಳದಿದ್ದರೆ? ಹೋಟೆಲಿನ ಹೆಂಗಸಿಗೆ ಇದೆಲ್ಲ ಯಾಕೆ ಎಂದು ಒಬ್ಬರು ತುಟಿ ಕೊಂಕಿಸಿದರೂ ಸಾಕು, ಮತ್ತೆ ಪುಸ್ತಕ ಮುಟ್ಟುವ ಧೈರ್ಯ ತನಗೆ ಬಾರದು ಎನ್ನಿಸಿತು. ಹಿಟ್ಟಿಗೆ ಎರಡೆರಡು ಸಲ ಉಪ್ಪು ಬಿತ್ತು. ಜ್ವರವಾದರೂ ಬರಬಾರದೇ ಎಂದು ದೇವರಿಗೆ ಕೈ ಮುಗಿದಳು. ಹಾಳು ಜ್ವರ, ಬೇಕಾದಾಗ ಎಲ್ಲಿ ಬರುತ್ತದೆ?

“ಎಂತ ಆಯ್ತು ಮಾರಾಯ್ತಿ ನಿಂಗೆ? ಗಿರಾಕಿಗಳು ಬೈತಾ ಇದ್ದಾರೆ” ಎಂದ ಕರುಣಾಕರ. ಜಲಜಾಕ್ಷಿ ಹೆದರುತ್ತಲೇ ಆ ಪುಸ್ತಕದ ಬಗ್ಗೆ ನಾಲ್ಕು ಹಾಳೆ ಬರೆದಳು.

ಭಾನುವಾರ ಮುರಳೀಧರರ ಮನೆಯಲ್ಲಿ ಹತ್ತು ಜನ ಕೂತಿದ್ದರು. ಜಲಜಾಕ್ಷಿ ಹಾಳೆ ಬಿಚ್ಚಿದ್ದನ್ನು ಕಂಡು ನಿರೀಕ್ಷಾಗೆ ಆಶ್ಚರ್ಯ.

“ಇದೇನು ಆಂಟಿ? ಬುಕ್ ತಂದಿಲ್ವಾ?”

“ತಂದಿದ್ದೇನೆ. ಇದು ಉಪನ್ಯಾಸ. ನೀನೇ ಹೇಳಿದ್ದಲ್ವಾ?”

“ಉಪನ್ಯಾಸ್ ಅಂದ್ರೆ ನಾವೆಲ್ ಅಲ್ವಾ? ಹಿಂದಿಯಲ್ಲಿ ಹಾಗೇ ಅಂತಾರೆ. ಸರ್ ನಮಗೆಲ್ಲ ಓದಿ ತೋರಿಸೋಕೆ ಆ ಬುಕ್ ಬೇಕಿತ್ತು, ಅಷ್ಟೇ.”

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಮುರಳೀಧರರು ಪುಸ್ತಕ ಇಸಿದುಕೊಂಡು, “ಗಾಬರಿಯಾಗಬೇಡಿ ಅಮ್ಮ, ನೀವೇನೂ ಮಾತಾಡಬೇಕಾಗಿಲ್ಲ. ಆರಾಮಾಗಿ ಕೂತು ಕೇಳಿ” ಎಂದರು. ಅದರಲ್ಲಿ ಬಾವಿಗೆ ಬಿದ್ದು ಸತ್ತ ಹೆಂಡತಿಗಾಗಿ ಗಂಡ ಕೊರಗುವ ಅರವತ್ತು ಪುಟಗಳಂಥದ್ದನ್ನು ಕನ್ನಡದಲ್ಲಿ ತಾವು ಕಂಡೇ ಇಲ್ಲವೆಂದು ಹೊಗಳತೊಡಗಿದರು.

ಬದುಕಿದೆ ಎಂದುಕೊಳ್ಳಬೇಕಿತ್ತು ಜಲಜಾಕ್ಷಿ. ಬದಲಿಗೆ, ಇಷ್ಟು ದಿನ ಕಾಡಿದ ಹೆದರಿಕೆ ಇಳಿದ ಜಾಗದಲ್ಲಿ ಅದಕ್ಕಿಂತ ದೊಡ್ಡದೊಂದು ಬಂದು ಕೂತಿತು. ಈಗ ಚಹಾ ಕುಡಿದು ಎದ್ದು ಹೋದರೆ ಮುಗಿಯಿತು. ನಾಳೆ ಮತ್ತೆ ಹಿಟ್ಟು, ಮತ್ತೆ ಸಾಂಬಾರು. ಇನ್ಯಾರೂ ತನ್ನನ್ನು ಕರೆಯುವುದಿಲ್ಲ, ತಪ್ಪಿ ಕೂಡ.

ಅವಳು ಎದ್ದು ನಿಂತಳು.

“ಸಾರ್, ಅವಳು ಬಾವಿಗೆ ಬಿದ್ದದ್ದು ನಾಲ್ಕೇ ಸಾಲು ಉಂಟು. ಆ ಮನೆಗೆ ಇದ್ದದ್ದು ಅದೊಂದೇ ಬಾವಿ. ಮರುದಿನ ನೀರು ಸೇದಿದ್ದು ಯಾರು? ಈ ಗಂಡ ಅರವತ್ತು ಪುಟ ಅಳುವಾಗ ಕುಡಿದದ್ದು ಯಾವ ನೀರು?”

ಮುರಳೀಧರರು ಪುಟ ಹಿಂದಕ್ಕೆ ತಿರುಗಿಸಿದರು, ಮುಂದಕ್ಕೆ ತಿರುಗಿಸಿದರು. ಆಮೇಲೆ ಪುಸ್ತಕ ಮುಚ್ಚಿ, ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿಕೊಂಡು, “ನೀವು ಬರೆದದ್ದನ್ನು ಓದಿ ಅಮ್ಮ” ಎಂದರು.