ಶೇಷಮ್ಮನ ಖಾಲಿ ಚೀಲಗಳು

ಬೆಳಗಿನ ಐದೂಮುಕ್ಕಾಲು. ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಲಾರಿಗಳು ಆಗಲೇ ಗುರುಗುಡುತ್ತಿವೆ. ಅಲ್ಲಿಂದ ಎರಡು ಕಿಲೋಮೀಟರ್ ಒಳಗಿರುವ ಸಸಿತೋಟದಲ್ಲಿ ಶೇಷಮ್ಮ ಕುಕ್ಕರುಗಾಲಿನಲ್ಲಿ ಕೂತು ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದಾರೆ. ಎರಡು ಹಿಡಿ ಕೆಮ್ಮಣ್ಣು, ಒಂದು ಹಿಡಿ ಗೊಬ್ಬರ, ಮೇಲೊಂದು ತಟ್ಟು. ತುಂಬುವ ಕಾಲದಲ್ಲಿ ದಿನಕ್ಕೆ ಮುನ್ನೂರು ಚೀಲ. ವಯಸ್ಸು ಐವತ್ತೆರಡು, ಮಂಡಿ ನೋವು ಬೇರೆ. ಕೈ ಮಾತ್ರ ನಿಲ್ಲುವುದಿಲ್ಲ.

ಇವರನ್ನು ನಾನು ತೊಂಬತ್ತರ ದಶಕದಲ್ಲೇ ನೋಡಿದ್ದೆ ಎಂಬುದು ಗೊತ್ತಾದದ್ದು ಹೋದ ತಿಂಗಳು. ಕುಕ್ ಟೌನಿನ ನಮ್ಮ ಬೀದಿಯ ಬಂಗಲೆಯೊಂದರಲ್ಲಿ ದೊಡ್ಡ ನೇರಳೆ ಮರವಿತ್ತು. ಜೂನ್ ಬಂತೆಂದರೆ ಹೆಂಗಸೊಬ್ಬರು ಬಂದು, ನಾವು ಉಗಿದ ಬೀಜಗಳನ್ನೂ ಬಿಡದೆ ಆಯ್ದುಕೊಂಡು ಹೋಗುತ್ತಿದ್ದರು. ಬೀದಿಯ ಮಕ್ಕಳು ನಾವೋ, ಬಣ್ಣ ಹತ್ತಿದ ನಾಲಿಗೆ ಚಾಚಿ ಅವರನ್ನು ರೇಗಿಸುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಬಂಗಲೆ ಹೋಗಿ ಅಪಾರ್ಟ್‌ಮೆಂಟ್ ಬಂದಿದೆ, ಮರವೂ ಹೋಯಿತು. ಅದರ ಸಂತಾನ ಹೊಸಕೋಟೆಯಾಚೆಯ ಕುರುಚಲು ಕಾಡಿನಲ್ಲಿ ಬದುಕಿದೆ ಎಂದು ಶೇಷಮ್ಮ ಹೇಳಿದಾಗಲೇ, ಬೀಜ ಆಯುತ್ತಿದ್ದ ಆ ಹೆಂಗಸು ಇವರೇ ಎಂದು ನನಗೆ ಹೊಳೆದದ್ದು.

ಕೊಪ್ಪಳದ ಕಡೆಯವರು. ಗಂಡ ಹುಲಿಗೆಪ್ಪನಿಗೆ ಕಟ್ಟಡದ ಕೆಲಸ ಸಿಕ್ಕಿದ್ದರಿಂದ ತೊಂಬತ್ತೊಂದರಲ್ಲಿ ಇಲ್ಲಿಗೆ ಬಂದು, ಒಂದು ಕೋಣೆ ಬಾಡಿಗೆಗೆ ಹಿಡಿದರು. ಕಾಡಿಗೆ ಗಿಡ ಬೆಳೆಸಿಕೊಡುವ ಸಂಸ್ಥೆಯೊಂದರ ಈ ತೋಟದಲ್ಲಿ ಇವರಿಗೆ ಕೂಲಿ ಸಿಕ್ಕಿತು. ಮೊದಲ ದಿನ ಕೆಲಸ ಕಲಿಸಿದವರು ಶಿವಾಜಿನಗರದ ಪರ್ವೀನ್. ಕೆಲಸದ ಜೊತೆಗೆ ತಮ್ಮ ದಖನಿ ಉರ್ದು ಮಾತನ್ನೂ ಕಲಿಸಿದರು. ಹದಿನಾಲ್ಕು ವರ್ಷ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು.

ಹೊಸಕೋಟೆಯಾಚೆಯ ಆ ಕಾಡಿನಲ್ಲಿ ನೆಡುವಾಗ ಉಳಿದವರು ಬ್ಲೇಡಿನಿಂದ ಚೀಲ ಸೀಳಿ ಎಸೆಯುತ್ತಾರೆ. ಶೇಷಮ್ಮ ಹಾಗಲ್ಲ. ಮೆತ್ತಗೆ ಒತ್ತಿ, ಚೀಲವನ್ನು ಇಡಿಯಾಗಿ ಜಾರಿಸಿ, ಗಿಡದ ಊರುಗೋಲಿಗೆ ಕಟ್ಟುತ್ತಾರೆ. ಗಿಡ ಸತ್ತರೆ ಆ ಚೀಲ ಬಿಚ್ಚಿ ತೋಟಕ್ಕೆ ತರಬೇಕು, ಅದರಲ್ಲೇ ಇನ್ನೊಂದು ಬೀಜ ಹಾಕಬೇಕು. ಇದು ಅವರೇ ಮಾಡಿಕೊಂಡ ಕಟ್ಟುಪಾಡು. ಯಾರೂ ಹೇಳಿದ್ದಲ್ಲ.

ಎರಡು ಸಾವಿರದ ಇಸವಿಯಲ್ಲಿ ವಿಶ್ವಸಂಸ್ಥೆ ಸಹಸ್ರಮಾನದ ಅಭಿವೃದ್ಧಿ ಗುರಿಗಳನ್ನು ಸಾರಿತು. ಏಳನೆಯದು ಪರಿಸರದ್ದು. ನೆಲದಲ್ಲಿ ಕಾಡಿನ ಪಾಲೆಷ್ಟು ಎಂಬುದು ಅದರ ಅಳತೆಗಳಲ್ಲೊಂದು. ಶೇಷಮ್ಮನ ಸಂಸ್ಥೆಯ ರಿಚರ್ಡ್ಸ್ ಟೌನ್ ಕಚೇರಿಯ ಗೋಡೆಗೂ ಆ ಪಟ್ಟಿ ಬಂತು. ಅಲ್ಲಿಂದ ಶುರುವಾಯಿತು ನೋಡಿ ವರದಿಗಳ ಭರಾಟೆ! ವರ್ಷಕ್ಕೆ ಹತ್ತು ಸಾವಿರ ಗಿಡ ನೆಟ್ಟೆವು ಎಂದು ಬರೆದರಾಯಿತು, ಬದುಕಿದ್ದು ಎಷ್ಟು ಎಂದು ಕೇಳುವವರಿಲ್ಲ. ನೀರಿಗೆ ಟ್ಯಾಂಕರ್ ಕೊಡಿ ಎಂದು ಶೇಷಮ್ಮ ಪ್ರತಿ ಬೇಸಿಗೆ ಅಂಗಲಾಚಿದರೂ ಕಚೇರಿ ಕಿವಿಗೊಡಲಿಲ್ಲ.

ಎರಡು ಸಾವಿರದ ಐದರಲ್ಲಿ ದಿಲ್ಲಿಯಿಂದ ಪರಿಶೀಲನೆಗೆ ಮಹಿಳೆಯೊಬ್ಬರು ಬಂದರು. ತೋಟದ ಮೂಲೆಯಲ್ಲಿ ಇನ್ನೂ ತುಂಬದ ಖಾಲಿ ಚೀಲಗಳ ರಾಶಿ. ಇದೇನೆಂದು ಹಿಂದಿಯಲ್ಲಿ ಕೇಳಿದರು. ಮುಂದಿನ ವರ್ಷಕ್ಕೆ ತಂದ ಚೀಲ ಎಂದುಬಿಟ್ಟ ಕಚೇರಿಯ ಭಾರ್ಗವ್. ಅವನ ಸುಳ್ಳು ಶೇಷಮ್ಮನಿಗೆ ಅರ್ಥವಾಯಿತು, ಪರ್ವೀನ್ ದಖನಿ ಕಲಿಸಿದ್ದರಲ್ಲ.

"ಮರೇ ಸೋ ಝಾಡಾಂ ಹೈ ಮೇಡಂ," ಎಂದರು. ಸತ್ತ ಗಿಡಗಳಿವು ಎಂದು. ಎಣಿಸಿದರೆ ಆರು ಸಾವಿರದ ಮುನ್ನೂರು.

ಹೇಳದೆ ಸುಮ್ಮನಿರಬಹುದಿತ್ತಲ್ಲ ಎಂದು ಕೇಳಿದೆ. ಅವರು ಚೀಲ ತುಂಬುತ್ತಲೇ ಉತ್ತರಿಸಿದರು: "ಉಳಿದವು ನೀರಿಲ್ದ ನಿಂತಿದ್ವು ಅಕ್ಕಾರ. ನಾ ಬಾಯಿ ಮುಚ್ಚಿದ್ರ ಅವೂ ಸಾಯ್ತಿದ್ವು."

ಆ ಮಹಿಳೆ ಬರೆದ ವರದಿಯಿಂದಾಗಿ ಮುಂದಿನ ವರ್ಷದಿಂದ ನೆಡುವ ಗಿಡ ಅರ್ಧಕ್ಕಿಳಿಯಿತು. ನೆಟ್ಟದ್ದಕ್ಕೆ ಮೂರು ಬೇಸಿಗೆ ಟ್ಯಾಂಕರ್ ನೀರು ಖಾತ್ರಿಯಾಯಿತು. ಆದರೆ ತೋಟದಲ್ಲಿ ಹತ್ತು ಜನರಿದ್ದ ಕೆಲಸಕ್ಕೆ ನಾಲ್ವರು ಸಾಕಾದರು. ಮನೆಗೆ ಕಳಿಸಿದ ಆರು ಮಂದಿಯಲ್ಲಿ ಪರ್ವೀನ್ ಒಬ್ಬರು. ತನ್ನನ್ನು ತೆಗೆದು ಅವರನ್ನು ಇಟ್ಟುಕೊಳ್ಳಿ ಎಂದು ಶೇಷಮ್ಮ ಕಚೇರಿಗೆ ಹೋಗಿ ಬೇಡಿದರಂತೆ. ಆಗಲಿಲ್ಲ. ಒಂದು ವರ್ಷ ಪರ್ವೀನ್ ಮಾತು ಬಿಟ್ಟರು. ಈಗ ಹಬ್ಬಕ್ಕೆ ಹೋದರೆ ಕೂರು ಎನ್ನುತ್ತಾರೆ, ಅಷ್ಟೇ. ಇದನ್ನು ಹೇಳುವಾಗ ಮಾತ್ರ ಶೇಷಮ್ಮನ ಕೈ ನಿಂತಿತು.

ನೀರು ಸಿಕ್ಕ ಆ ಗಿಡಗಳೀಗ ಕಾಡಿನಲ್ಲಿ ಆಳುದ್ದ ಬೆಳೆದಿವೆ. ಈ ವರ್ಷ, ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ, ಅಲ್ಲಿಗೆ ಟ್ಯಾಂಕರ್ ಹೋಗಿಲ್ಲ, ಆದರೂ ಹಸಿರಾಗಿವೆ. ನಿಮಗೇನು ಆಸೆ ಎಂದು ಹೊರಡುವಾಗ ಕೇಳಿದೆ. ಸೆರಗಿಗೆ ಕೈ ಒರೆಸಿಕೊಂಡರು.

"ಪರ್ವೀನ್‌ನ ಒಮ್ಮಿ ಅಲ್ಲಿಗೆ ಕರ್ಕೊಂಡ್ ಹೋಗ್ಬೇಕ್ರೀ. ನನ್ನ ಕೆಲ್ಸ ಎಲ್ಲಿ ಹೋತು ಅಂತ ಆವತ್ತು ಅಳಕೋಂತ ಕೇಳಿದ್ಲು. ಇಲ್ಲೇ ನಿಂತೈತಿ ನೋಡವಾ, ಅಂತ ತೋರಿಸ್ಬೇಕು."